ಹುಣಸೆಮರದ ಕೆಳಗಿನ ಅರಿಶಿನ

ಮೊನ್ನೆ ನಮ್ಮ ಮನೆಯವರು ಚಾಮರಾಜನಗರದ ಔಷಧಿ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಹಳದಿ ಮಾತ್ರೆಗಳು, ಅರಿಶಿನದ ಸತ್ವವಂತೆ. ತಪ್ಪು ನನ್ನದೇ. ಅವರು ಸ್ನಾನಕ್ಕೆ ಹೋಗಿದ್ದಾಗ ಹೊರಗಿನಿಂದ ಮನೆಗೆ ಬೀಗ ಹಾಕಿಕೊಂಡು ತರಕಾರಿಗೆ ಹೋಗಿಬಿಟ್ಟಿದ್ದೆ. ಅದೂ ಒಂದೇ ವಾರದಲ್ಲಿ ಎರಡು ಸಲ. ಅರಿಶಿನ, ಒಂದೆಲಗ ಮುಂತಾದವುಗಳ ಸತ್ವದಿಂದ ಮರೆವಿನ ಕಾಯಿಲೆಯನ್ನು ದೂರವಿಡಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆಂದು ಅವರು ಪೇಪರಿನಲ್ಲಿ ಓದಿದ್ದರು. "ಖಾತ್ರಿ ಏನಿಲ್ಲ ಅಂತಾನೂ ಬರ್ದವ್ರೆ. ಆದ್ರೂ ತಿನ್ನು, ನನ್ನ ಕ್ಷೇಮಕ್ಕೆ," ಎಂದರು.

ನಗುತ್ತಲೇ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೊಡ್ಡಪ್ಪನ ಊರು ಉಡಿಗಾಲದ ಹೊಲದಲ್ಲಿದ್ದೆ, ದೊಡ್ಡವ್ವನ ಒಲೆಯ ಮುಂದೆ.

ನೀವು ಅರಿಶಿನ ಬೇಯಿಸುವುದನ್ನು ನೋಡಿದ್ದೀರೋ ಇಲ್ಲವೋ. ನೆಲದಿಂದ ಕಿತ್ತದ್ದನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿ ಆಮೇಲೆ ಒಣಗಿಸಬೇಕು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗಿದ ಮೇಲೆ ಪುಡಿಪುಡಿಯಾಗುತ್ತದೆ. ದೊಡ್ಡವ್ವ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ, ಕೊಪ್ಪರಿಗೆಗೆ ವಿಭೂತಿ ಬಳಿದು ಬೆಂಕಿ ಹಚ್ಚಿ, ಕೈಯಲ್ಲೊಂದು ಕಡ್ಡಿ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಹಬೆಯ ವಾಸನೆ ನೋಡುವಳು, ಒಂದು ಕೊಂಬಿಗೆ ಕಡ್ಡಿ ಚುಚ್ಚುವಳು, "ಆಯ್ತು, ತಗೀರಿ" ಅನ್ನುವಳು. ಅದಕ್ಕೆ ಎದುರು ಮಾತಿಲ್ಲ. ಅಕ್ಕಪಕ್ಕದ ಹೊಲದವರೂ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದರು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆ.

ನಾನು ಟೀಚರ್ ಟ್ರೈನಿಂಗ್ ಪರೀಕ್ಷೆಗೆ ಓದುವಾಗ ಕಾಲುವೆ ಬದಿಯಿಂದ ಒಂದೆಲಗ ಕಿತ್ತು ತಂದು ಚಟ್ನಿ ಅರೆಯುತ್ತಿದ್ದವಳೂ ಅವಳೇ. "ತಿನ್ನಮ್ಮಿ, ಓದಿದ್ದು ತಲೇಲಿ ನಿಂತ್ಕತದೆ." ಒಂದೆಲಗದ ಮಹಿಮೆಯೋ, ಪರೀಕ್ಷೆಯಲ್ಲಿ ಪಕ್ಕ ಕೂತಿದ್ದವಳ ಧಾರಾಳವೋ, ಪಾಸಾದೆ. ಆ ಚಟ್ನಿಯನ್ನು ದೊಡ್ಡವ್ವ ತಾನು ಬಡಿಸಿಕೊಂಡದ್ದನ್ನು ಮಾತ್ರ ನಾನು ಕಂಡಿಲ್ಲ. ಎಲ್ಲರದೂ ಆಗುವ ಹೊತ್ತಿಗೆ ಅದು ಮುಗಿದಿರುತ್ತಿತ್ತು.

ತೊಂಬತ್ತರ ದಶಕದ ನಡುವೆ ಅವಳಿಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು, ತನ್ನ ಮನೆಯೆಂದು ಪಕ್ಕದ ಮನೆಯ ಜಗುಲಿ. ಡಾಕ್ಟರು ವಯಸ್ಸಿನ ಮೇಲೆ ಹಾಕಿದರು, ಮನೆಯವರು ಅರಳುಮರಳು ಅಂದರು. ಕಡ್ಡಿ ಹಿಡಿದರೆ ಮಾತ್ರ ಕೈ ಒಂದಿಷ್ಟೂ ತಪ್ಪುತ್ತಿರಲಿಲ್ಲ.

ಆ ವರ್ಷ ನಾನು ಕೆಲಸದ ಆರ್ಡರಿಗೆ ಕಾಯುತ್ತ ಅವರ ಮನೆಯಲ್ಲೇ ಇದ್ದೆ. ಹೊಲದಲ್ಲಿ ಎರಡು ಗುಡ್ಡೆ ಅರಿಶಿನ. ಬೇವಿನಮರದ ಕೆಳಗಿನದು ಬೇಯಿಸಲು, ಹುಣಸೆಮರದ ಕೆಳಗೆ ಎಲೆ ಮುಚ್ಚಿ ಇಟ್ಟದ್ದು ಮುಂದಿನ ಬಿತ್ತನೆಗೆ. ನಾನೋ ನೆರಳಲ್ಲಿ ಕೂತು ವಾರಪತ್ರಿಕೆಯ ಧಾರಾವಾಹಿಯಲ್ಲಿ ಮುಳುಗಿದ್ದೆ. ಚಂದಕವಾಡಿ ಕಡೆಯಿಂದ ಬಂದಿದ್ದ ಹೊಸ ಆಳು ಹೆಂಗಸರು "ಬೇಯ್ಸಕ್ಕೆ ಯಾವ್ ಗುಡ್ಡೆ ಒರನವ್ವ?" ಎಂದು ಕೇಳಿದರು. ತಲೆ ಎತ್ತದೆ, "ಹುಣಸೆಮರದ್ದು" ಅಂದೆ.

ಬೆಂದದ್ದು ಮೊಳೆಯುವುದಿಲ್ಲ. ದೊಡ್ಡಪ್ಪ ಬಂದು ಹುಣಸೆಮರದ ಖಾಲಿ ನೆರಳು ನೋಡಿ ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. "ಬಿತ್ನೆ ಬೇಯಿಸ್ಬುಟ್ರಲ್ಲೋ! ಯಾರ್ ಯೋಳ್ದೋರು?" ಆಳು ಹೆಂಗಸರು ತಲೆ ತಗ್ಗಿಸಿದರು, ಯಜಮಾನರ ಮನೆ ಹುಡುಗಿಯ ಹೆಸರು ಹೇಳುವ ಧೈರ್ಯ ಅವರಿಗೆಲ್ಲಿಯದು? ನಾನು ವಾರಪತ್ರಿಕೆಯನ್ನು ಬೆನ್ನ ಹಿಂದೆ ಮರೆಮಾಡಿದೆ. ಒಲೆಯ ಮುಂದಿನಿಂದ ದೊಡ್ಡವ್ವ ಎದ್ದಳು.

"ನಾನೇ ಯೋಳ್ದೆ. ಮರ್ತ್ಬುಟ್ಟೆ."

ಎಲ್ಲರೂ ನಂಬಿದರು. ನಾಚಿಕೆಗೇಡಿನ ಮಾತು, ನಾನೂ ನಂಬಲು ನೋಡಿದೆ. ಪಾಪ, ಅವಳಿಗೇ ಗೊಂದಲವಾಗಿದೆ, ಇರಲಿ ಬಿಡು ಎಂದುಕೊಂಡೆ. ದೊಡ್ಡಪ್ಪ ಗುಂಡ್ಲುಪೇಟೆ ಕಡೆ ಅಲೆದು ಬೇರೆ ಬಿತ್ತನೆ ತಂದರು, ಅದೇನೂ ದೊಡ್ಡದಾಗಲಿಲ್ಲ. ಆದರೆ ಕಡ್ಡಿ ದೊಡ್ಡವ್ವನ ಕೈಯಿಂದ ಸೊಸೆ ಗೌರತ್ತಿಗೆಯ ಕೈಗೆ ಹೋಯಿತು. ನೆರೆಹೊಲದವರೂ ಕರೆಯುವುದನ್ನು ಬಿಟ್ಟರು. ಅವಳು ಒಲೆಯ ಹತ್ತಿರ ಬಂದರೆ ಅತ್ತಿಗೆ, "ಅತ್ತೆ, ಅತ್ಲಾಗ್ ಕುಂತ್ಕಳಿ, ಇನ್ನೊಂದ್ಸಲ ಬಿತ್ನೆ ಬೇಯಿಸ್ಬುಟ್ಟೀರ," ಅನ್ನುವಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮೂರು ವರ್ಷವಾಗಿರಬೇಕು. ಆಗ ನನಗೆ ಗುಂಡ್ಲುಪೇಟೆಯ ಹತ್ತಿರದ ಶಾಲೆಯಲ್ಲಿ ಕೆಲಸ. ರಜೆಯಲ್ಲಿ ನೋಡಲು ಹೋದರೆ ದೊಡ್ಡವ್ವ ಬೇವಿನಮರದ ಬುಡದಲ್ಲಿ ಕೂತು ದೂರದ ಹಬೆ ನೋಡುತ್ತಿದ್ದಳು.

"ಯಾರವ್ವ ನೀನು?"

"ನಾನು ದೊಡ್ಡವ್ವ, ನಿನ್ ಮೈದ್ನನ ಮಗಳು."

ಗೊತ್ತಾಗಲಿಲ್ಲ. ಯಾರೋ ದಾರಿಹೋಕಳೆಂದು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ದನಿ ತಗ್ಗಿಸಿದಳು. "ನಮ್ಮನೇಲಿ ಒಂದು ಎಣ್ಣುಡ್ಗಿ ಅದೆ ಕಣವ್ವ, ಓದ್ದೋಳು. ಬಿತ್ನೆ ಗುಡ್ಡೆನೇ ತೋರ್ಸ್ಬುಟ್ಟಳು. ಅವ್ಳ ಮಖ ನೋಡ್ದೆ, ಗೊತ್ತಾಯ್ತು. ನಾನೇ ಅಂತ ಒಪ್ಕಂಡ್ಬುಟ್ಟೆ. ನನ್ಗೆಂಗೂ ಮರವು ಅಂತಾರಲ್ಲ. ನೀನ್ ಯಾರ್ಗೂ ಯೋಳ್ಬೇಡ, ಅದ್ಕಿನ್ನೂ ಮದ್ವೆ ಆಗ್ಬೇಕು."

ನಾನು ಯಾರಿಗೂ ಹೇಳಲಿಲ್ಲ. ಅವಳ ಮಾತು ನಡೆಸಿಕೊಟ್ಟೆನೆಂದು ನನಗೆ ನಾನೇ ಹೇಳಿಕೊಂಡೆ. ಮದುವೆಯಾಯಿತು, ದೊಡ್ಡವ್ವ ತೀರಿಕೊಂಡಳು, ದೊಡ್ಡಪ್ಪನೂ ಹೋದರು. ಬಿತ್ತನೆ ಬೇಯಿಸಿದ ಮುದುಕಿಯ ಕತೆ ನಮ್ಮ ಮನೆಗಳ ಮದುವೆಮುಂಜಿಗಳಲ್ಲಿ ಇವತ್ತಿಗೂ ನಗುವಿಗೆ ಬರುತ್ತದೆ. ವರ್ಷಗಟ್ಟಲೆ ಅರಿಶಿನದ ಹಬೆ ಕುಡಿದವಳಿಗೆ ಅದು ಯಾಕೆ ಕಾವಲಾಗಲಿಲ್ಲವೋ ನನಗೆ ತಿಳಿಯದು. ಎಲ್ಲರ ಹೆಸರೂ ಹೋದ ಮೇಲೂ ಆ ಹುಡುಗಿಯನ್ನು ಕಾಪಾಡಬೇಕೆಂಬುದೊಂದು ಅವಳಲ್ಲಿ ಉಳಿದಿತ್ತು.

ಡಬ್ಬಿ ಮುಚ್ಚಿ ಗೌರತ್ತಿಗೆಗೆ ಫೋನ್ ಮಾಡಿದೆ. "ಅತ್ತಿಗೆ, ಅವತ್ತು ಬಿತ್ತನೆ ಗುಡ್ಡೆ ತೋರಿಸಿದ್ದು ನಾನು. ದೊಡ್ಡವ್ವ ಅಲ್ಲ."



"ಸಾಯೋ ವರ್ಸನೂ ಒಲೆ ತಾವ ಬಂದು ಕೈ ಒಡ್ಡಿದ್ರು ಕಣಮ್ಮಿ, ಕಡ್ಡಿ ಕೊಡು ಅಂತ," ಎಂದಳು ಅತ್ತಿಗೆ. "ನಾನ್ ಕೊಡ್ನಿಲ್ಲ."

ಇಬ್ಬರೂ ಅತ್ತೆವು. ಆಮೇಲೆ ಡಬ್ಬಿ ತೆಗೆದು ಒಂದು ಮಾತ್ರೆ ನುಂಗಿದೆ. ಫಲ ಇದೆಯೋ ಇಲ್ಲವೋ, ಆ ಒಡ್ಡಿದ ಕೈ ನನಗೆ ಕೊನೆಯವರೆಗೂ ನೆನಪಿರಲಿ.