ಗಲ್ಲ ಸ್ವಲ್ಪ ಕೆಳಗೆ

ಬಿ.ಎ. ಎರಡನೆಯ ವರ್ಷದಲ್ಲಿ ನಮಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಎಂದೋ ಬರಬಹುದಾದ ಒಂದು ಕೆಟ್ಟ ರಾಜ್ಯದ ಕಥೆ. ಆ ರಾಜ್ಯದಲ್ಲಿ ಜನ ಹೇಳಿದಂತೆ ಕೇಳಿದರೆ ಸಾಲದು, ಮನಸ್ಸಿನ ಒಳಗೂ ಒಪ್ಪಿರಬೇಕು. ಕಥಾನಾಯಕ ಒಪ್ಪುವುದಿಲ್ಲ. ಅವನನ್ನು ಹಿಡಿದು, ಬಾಗಿಲು ಹಾಕಿದ ಕೋಣೆಯಲ್ಲಿಟ್ಟು ನೋಯಿಸುತ್ತಾರೆ. ಕೊನೆಗೆ ಬಿಟ್ಟೂ ಬಿಡುತ್ತಾರೆ. ಆ ಹೊತ್ತಿಗೆ ಅವನು ನಿಜವಾಗಿಯೇ ಒಪ್ಪಿಬಿಟ್ಟಿರುತ್ತಾನೆ.

ನಮ್ಮ ಮೇಡಂ ಮೊದಲೇ ಹೇಳಿದ್ದರು. "ಗೈಡ್ ನೋಡಿ ಸಾರಾಂಶ ಬರ್ಕೊಂಡ್ ಬರ್ಬೇಡಿ. ಸಾರಾಂಶ ನಂಗೂ ಗೊತ್ತು. ಓದ್ತಾ ಓದ್ತಾ ನಿಮಗೇನಾಯ್ತು ಅಂತ ಬರೀರಿ."

ಯಲಹಂಕದ ಆ ಕಾಲೇಜಿನಲ್ಲಿ ಪುಸ್ತಕವನ್ನು ನಿಜವಾಗಿ ಓದುತ್ತಿದ್ದವರು ಕಡಿಮೆ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಬಸ್ಸಿನಲ್ಲಿ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಹಿಂದಿನ ಪುಟ ತಿರುವಿದಳು.

"ಕೊನೆಗೆ ಸಾಯ್ತಾನಾ?"

"ಇಲ್ಲ ಕಣೇ."

"ಮದ್ವೆ ಆಗತ್ತಾ?"

"ಅದೂ ಇಲ್ಲ."

"ಮತ್ತೆ ಇಷ್ಟ್ ದಪ್ಪ ಪುಸ್ತಕದಲ್ಲಿ ಏನ್ ಮಾಡ್ತಾನೆ ಮಗಾ? ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರ್ತಾನಾ, ನಮ್ ಥರ?"

ನಾನೂ ನಕ್ಕೆ. ಬಸ್ಸು ಆಗ ಅಲ್ಲೇ ನಿಂತಿತ್ತು.

ಪುಸ್ತಕದ ಬಹುಪಾಲನ್ನು ನಾನು ಓದಿದ್ದು ಅಪ್ಪನ ಸ್ಟುಡಿಯೋದಲ್ಲಿ. ಕೆಂಪಾಪುರದ ಒಳಗೆ ರಸ್ತೆ ಎಡಕ್ಕೆ ತಿರುಗುವ ಮೂಲೆಯಲ್ಲಿ ಅದು ಇತ್ತು, ಈಗಲೂ ಇದೆ. ಮುಂದೆ ಜೆರಾಕ್ಸ್, ಲ್ಯಾಮಿನೇಷನ್. ಪರದೆಯ ಹಿಂದೆ ಒಂದು ಸ್ಟೂಲು, ಬಿಳಿ ಬಟ್ಟೆ, ಎರಡು ದೀಪ. ಮದುವೆಗಳಿಗೆ ಈಗ ಬೇರೆ ಹುಡುಗರು ಡ್ರೋನ್ ಹಿಡಿದು ಬರುತ್ತಾರೆ. ಅಪ್ಪನಿಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ. ಪರೀಕ್ಷೆಗೆ ಕೂರುವ ಹುಡುಗರು, ವಿದೇಶಕ್ಕೆ ಹೊರಟ ನರ್ಸುಗಳು, ಎದೆಗವಚಿಕೊಂಡ ಮಗುವಿನ ಫೋಟೋ ಬೇಕೆಂದು ಬರುವ ತಾಯಂದಿರು. ಎಲ್ಲರಿಗೂ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ನಗಬೇಡಿ. ಗಲ್ಲ ಸ್ವಲ್ಪ ಕೆಳಗೆ. ಹಾಂ, ಅಷ್ಟೇ."

"ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಸಾರ್" ಎಂದು ಕೇಳಿದವರಿಗೆ ಅಪ್ಪ ಮಾಡಿಕೊಡುತ್ತಿರಲಿಲ್ಲ. "ಫೋಟೋದಲ್ಲಿರೋರು ಒಬ್ರು, ಮುಂದೆ ನಿಂತಿರೋರು ಇನ್ನೊಬ್ರು ಅಂದ್ರೆ ಆಫೀಸಲ್ಲಿ ಒಳಗೆ ಬಿಡ್ತಾರೇನಮ್ಮ?" ಅನ್ನುತ್ತಿದ್ದರು. ಕೆಲವರು ಸಿಟ್ಟು ಮಾಡಿಕೊಂಡು ಕೊಡಿಗೇಹಳ್ಳಿಯ ಬೇರೆ ಅಂಗಡಿಗೆ ಹೋಗುತ್ತಿದ್ದರು. ಅಪ್ಪ ಕರೆಯುತ್ತಿರಲಿಲ್ಲ.

ಕಾದಂಬರಿಯ ಕೊನೆಯ ಭಾಗ ಓದಿದಾಗ ನನಗೆ ಬಂದದ್ದು ಸಿಟ್ಟು. ನಾಯಕನ ಮೇಲೆ. ನೋವಿಗೆ ಹೆದರಿ ಬಾಯಲ್ಲಿ ಸುಳ್ಳು ಹೇಳಲಿ, ಯಾರಾದರೂ ಹೇಳುತ್ತಾರೆ. ಆದರೆ ಒಳಗೂ ಒಪ್ಪುವುದು ಹೇಗೆ? ಕಂಡದ್ದನ್ನು ಕಾಣಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ನಂಬುವುದು ಹೇಗೆ? ಲೇಖಕರು ಇಲ್ಲಿ ಅತಿ ಮಾಡಿದ್ದಾರೆ ಅನ್ನಿಸಿತು. ನನ್ನ ಕರಡಿನಲ್ಲಿ ಹಾಗೇ ಬರೆದೆ: ಇದು ನಂಬುವಂತಿಲ್ಲ, ಮನುಷ್ಯನ ತಲೆಯ ಒಳಗಿನ ಒಂದು ಮೂಲೆ ಅವನದಾಗಿಯೇ ಉಳಿಯುತ್ತದೆ. ಬರೆದು ಖುಷಿಯಾಗಿತ್ತು.

ಅದೇ ವಾರ ನಮ್ಮ ಏರಿಯಾದ ಮುಖಂಡರೊಬ್ಬರ ಹುಟ್ಟುಹಬ್ಬ ಬಂತು. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದ ಕಾಲದ ಹಳೆಯ ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರೇ ಕಟ್ಟಿಸಿದ ಅಪಾರ್ಟ್‌ಮೆಂಟು ನಿಂತಿದೆ. ಕೆಟ್ಟ ಮನುಷ್ಯ ಎಂದು ನಾನು ಕೇಳಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ರಸ್ತೆಗೆ ನೀರಿನ ಟ್ಯಾಂಕರ್ ಕಳಿಸಿದವರೂ ಅವರೇ. ಪ್ರತಿ ಕಂಬಕ್ಕೂ ಅವರ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿದ್ದ ಫೋಟೋ ಅಪ್ಪ ತೆಗೆದದ್ದು. ಬಿಳಿ ಅಂಗಿ, ಮುಗಿದ ಕೈ. "ಇದು ಪಾಸ್‌ಪೋರ್ಟ್ ಅಲ್ಲ ಸಾರ್, ಧಾರಾಳವಾಗಿ ನಗಿ" ಎಂದು ಅಪ್ಪ ಹೇಳಿದಾಗ ಅವರು ಜೋರಾಗಿ ನಕ್ಕದ್ದು ನನಗೆ ನೆನಪಿದೆ.

ತಿರುವಿನಲ್ಲಿ ಕಟ್ಟಿದ ಫ್ಲೆಕ್ಸ್ ಎಲ್ಲಕ್ಕಿಂತ ದೊಡ್ಡದು. ಒಂದು ಸಂಜೆ ಅಲ್ಲಿ ಸ್ಕೂಟಿಯಲ್ಲಿ ತಿರುಗುತ್ತಿದ್ದ ಹೆಂಗಸೊಬ್ಬರು ಎದುರಿನಿಂದ ಬಂದ ಗೂಡ್ಸ್ ಆಟೋಗೆ ತಾಗಿ ಬಿದ್ದರು. ನಾನು ಕೌಂಟರಿನ ಒಳಗೆ ಕೂತು ಓದುತ್ತಿದ್ದೆ. ಅಪ್ಪ ರಸ್ತೆಗೆ ಮುಖ ಮಾಡಿ ನಿಂತಿದ್ದರು. ಅಪ್ಪ ಓಡಿಹೋಗಿ ಅವರನ್ನು ಹಿಡಿದು ತಂದು ಫೋಟೋ ತೆಗೆಯುವ ಸ್ಟೂಲಿನ ಮೇಲೆ ಕೂರಿಸಿದರು. ಮಣಿಕಟ್ಟು ಆಗಲೇ ಊದಿಕೊಂಡಿತ್ತು. ನಾನು ನೀರು ಕೊಟ್ಟೆ. ಅವರು ಒಂದೇ ಮಾತು ಹೇಳುತ್ತಿದ್ದರು. "ಕಾಣ್ಲೇ ಇಲ್ಲ ಸಾರ್, ಆಟೋ ಬಂದಿದ್ದೇ ಕಾಣ್ಲಿಲ್ಲ."

"ಹೆಂಗಮ್ಮ ಕಾಣತ್ತೆ" ಅಂದರು ಅಪ್ಪ. "ನಾನೇ ನೋಡ್ದೆ. ಆ ಫ್ಲೆಕ್ಸ್ ಪೂರ್ತಿ ಅಡ್ಡ."

ಆ ರಾತ್ರಿಯ ಊಟಕ್ಕೆ ಮೊದಲೇ ಅಪ್ಪ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬರೆದರು. ತಿರುವಿನ ಫ್ಲೆಕ್ಸ್‌ನಿಂದ ಎದುರಿನ ಗಾಡಿ ಕಾಣುವುದಿಲ್ಲ, ಇಂದು ಒಬ್ಬರು ಬಿದ್ದು ಕೈ ಮುರಿದುಕೊಂಡಿದ್ದಾರೆ, ದಯವಿಟ್ಟು ತೆಗೆಸಿ ಎಂದು. ಇಷ್ಟೇ. ಅದಕ್ಕೆ ಸಾಲಾಗಿ ಹೆಬ್ಬೆಟ್ಟುಗಳು ಬಂದವು. ಬೆಳಗ್ಗೆ ನೋಡಿದರೆ ಹೆಚ್ಚಿನವು ಇರಲಿಲ್ಲ. ಕೊಟ್ಟವರೇ ವಾಪಸ್ ತೆಗೆದುಕೊಂಡಿದ್ದರು. ಹಾಗೆ ತೆಗೆಯಬಹುದು ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಮೂವರು ಬಂದರು. ನಾನು ಕಂಡದ್ದನ್ನು ಕಂಡ ಹಾಗೇ ಹೇಳಬೇಕು: ಯಾರೂ ಕೂಗಲಿಲ್ಲ. ಯಾರೂ ಅಪ್ಪನನ್ನು ಮುಟ್ಟಲಿಲ್ಲ. ಬರುವಾಗಲೇ ಪಕ್ಕದ ಅಂಗಡಿಯಿಂದ ಟೀ ಹೇಳಿ ಬಂದಿದ್ದರು, ನನಗೂ ಒಂದು. ಮೂವರಲ್ಲಿ ದೊಡ್ಡವನು ಹಳ್ಳಿಯ ಹುಡುಗನೇ, ಅಪ್ಪ ಅವನ ಎಸ್‌.ಎಸ್‌.ಎಲ್‌.ಸಿ. ಫೋಟೋ ತೆಗೆದಿದ್ದರು.

"ಏನ್ ಸಾರ್ ಇಂಗ್ ಮಾಡ್ಬುಟ್ರಿ? ಅಣ್ಣನ ಫೋಟೋ ತೆಗ್ದೋರೇ ನೀವು. ನೀವೇ ಇಂಗಂದ್ರೆ ಹೊರಗ್ನೋರು ಏನಂತಾರೆ?"

"ನಾನು ಅವರನ್ನೇನೂ ಅನ್ಲಿಲ್ಲಪ್ಪ. ಫ್ಲೆಕ್ಸ್ ಅಡ್ಡ ಇದೆ ಅಂದೆ."

"ಅದೇ ಸಾರ್. ಫ್ಲೆಕ್ಸ್ ಮೇಲೆ ಇರೋದ್ ಯಾರು?"

ಅಪ್ಪ ಟೀ ಲೋಟವನ್ನು ಕೌಂಟರಿನ ಮೇಲಿಟ್ಟರು.

"ಅಣ್ಣನಿಗೆ ಬೇಜಾರಾಗೈತೆ. ಕೋಪ ಇಲ್ಲ, ಬೇಜಾರು. ಒಂದ್ ಸಣ್ಣ ವಿಡಿಯೋ ಮಾಡ್ಕೊಡಿ. ತಪ್ಪು ತಿಳ್ಕೊಂಡಿದ್ದೆ, ಕ್ಷಮ್ಸಿ ಅಂತ. ಮುಗೀತು. ಈ ಬಿಲ್ಡಿಂಗ್ ಓನರ್‌ಗೂ ಫೋನ್ ಮಾಡಿದ್ವಿ, ಅವ್ರೂ ಹಂಗೇ ಅಂದ್ರು, ಇಷ್ಟಕ್ಕೆಲ್ಲಾ ಯಾಕೆ ರಾದ್ಧಾಂತ ಅಂತ."

ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕೌಂಟರಿನ ಹಿಂದೆ ನಿಂತೇ ಹೇಳಿದರು. ಹುಡುಗ ಫೋನಿನಲ್ಲಿ ಹಿಡಿದ. ಅರ್ಧ ನಿಮಿಷವೂ ಆಗಲಿಲ್ಲ. ಹುಡುಗ ಅದನ್ನು ಹಾಕಿ ನೋಡಿ ತಲೆ ಅಲ್ಲಾಡಿಸಿದ.

"ಓದ್ದಂಗೈತೆ ಸಾರ್. ಮನಸ್ಸಿಂದ ಬರ್ಬೇಕು."

ಎರಡನೆಯ ಸಲ ಹೇಳುವಾಗ ಹೊರಗೆ ಯಾರೋ ಹಾರ್ನ್ ಒತ್ತಿದರು. ಆಧಾರ್ ಜೆರಾಕ್ಸಿಗೆ ಬಂದ ಒಬ್ಬರು ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದರು. ಒಬ್ಬ ಹುಡುಗ ಅವರಿಗೆ ವಿನಯದಿಂದ "ಐದೇ ನಿಮಿಷ ಅಂಕಲ್, ಶೂಟಿಂಗ್ ನಡೀತೈತೆ" ಅಂದ. ಅವರು ನಕ್ಕರು.

ಅಪ್ಪ ಫೋನು ತೆಗೆದುಕೊಂಡು ಆ ಎರಡನೆಯ ವಿಡಿಯೋ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ನಾನು ಅಂದುಕೊಂಡೆ, ಈಗ ಬೇಡ ಅನ್ನುತ್ತಾರೆ ಎಂದು.

"ಹಿಂದಿಂದ ಬೆಳಕು ಬರ್ತಾ ಇದೆ ಕಣಪ್ಪ. ಮುಖವೇ ಕಾಣಲ್ಲ ಇದರಲ್ಲಿ" ಅಂದರು ಅಪ್ಪ. "ಒಳಗೆ ಬನ್ನಿ."

ಪರದೆ ಸರಿಸಿ ಒಳಗೆ ಹೋಗಿ ಎರಡೂ ದೀಪ ಹಾಕಿದರು. ಬಿಳಿ ಬಟ್ಟೆಯ ಸುಕ್ಕು ಎಳೆದು ಸರಿಮಾಡಿದರು. ಹುಡುಗನಿಗೆ ಎಲ್ಲಿ ನಿಲ್ಲಬೇಕು, ಫೋನನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕು ಎಂದು ತೋರಿಸಿದರು. "ಕೈ ಅಲ್ಲಾಡಿಸ್ಬೇಡ. ಮೊಣಕೈ ಹೊಟ್ಟೆಗೆ ಒತ್ಕೋ." ಹಿಂದಿನ ಸಂಜೆ ಆ ಹೆಂಗಸು ಕೂತಿದ್ದ ಸ್ಟೂಲಿನ ಮೇಲೆ ಕೂತರು. ಬೆನ್ನು ನೇರ ಮಾಡಿದರು. ನಂತರ ಯಾರೂ ಹೇಳದೆಯೇ ಗಲ್ಲವನ್ನು ಸ್ವಲ್ಪ ಕೆಳಗೆ ಮಾಡಿದರು.

ಮೂರನೆಯ ಸಲ ಅಪ್ಪನ ದನಿ ಎಲ್ಲಿ ನಿಧಾನವಾಗಬೇಕೋ ಅಲ್ಲಿ ನಿಧಾನವಾಯಿತು. ತಿರುವಿನಲ್ಲಿ ಫ್ಲೆಕ್ಸ್ ಅಡ್ಡ ಇರಲಿಲ್ಲ, ದೂರದಿಂದ ತಪ್ಪಾಗಿ ನೋಡಿದೆ, ದೊಡ್ಡವರ ಮನಸ್ಸಿಗೆ ನೋವು ಮಾಡಿದೆ ಅಂದರು. ಕೈ ಮುಗಿದರು. ಕಣ್ಣು ಸ್ವಲ್ಪ ತೇವವಾಗಿತ್ತು, ಅಥವಾ ದೀಪದ ಬೆಳಕಿಗೆ ನನಗೆ ಹಾಗೆ ಕಂಡಿತು. ಇದನ್ನು ನಾನು ಖಚಿತವಾಗಿ ಹೇಳಲಾರೆ.

"ಸೂಪರ್ ಸಾರ್!" ಅಂದ ಹುಡುಗ. ಅವನು ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿಯೇ ಮೆಚ್ಚಿದ್ದ.

ಅಪ್ಪ ನೋಡಿದರು. "ಇದು ಪರ್ವಾಗಿಲ್ಲ" ಅಂದರು.

ಅವರು ಹೋದ ಮೇಲೆ ಅಪ್ಪ ದೀಪ ಆರಿಸಿ, ಹೊರಗೆ ಬಂದು, ಕಾಯುತ್ತಿದ್ದವರ ಆಧಾರ್ ತೆಗೆದುಕೊಂಡು "ಎಷ್ಟು ಕಾಪಿ?" ಎಂದು ಕೇಳಿದರು.

ಆ ದಿನ ನಾನು ಕಾದಂಬರಿಯ ಕೊನೆಯ ಭಾಗವನ್ನು ಮತ್ತೆ ತೆಗೆದೆ. ಬಾಗಿಲು ಹಾಕಿದ ಕೋಣೆಯ ಪುಟಗಳನ್ನು ಓದುವಾಗ ಮೊದಲ ಸಲದ ಸಿಟ್ಟು ಬರಲಿಲ್ಲ. ಆ ಕೋಣೆ, ಆ ನೋವು ಎಲ್ಲ ಇಷ್ಟು ಬೇಕಿತ್ತೇ ಅನ್ನಿಸಿತು. ನಮ್ಮ ಷಟರ್ ಪೂರ್ತಿ ತೆರೆದಿತ್ತು. ಟೀ ಬಿಸಿಯಾಗಿತ್ತು. ಅವರು ಕೇಳಿದ್ದು ಮಾತು ಮಾತ್ರ. ಬೆಳಕು ಅಪ್ಪ ತಾವಾಗಿ ಕೊಟ್ಟದ್ದು. ಅದು ಯಾಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮುಖ ಸರಿಯಾಗಿ ಕಾಣದ ಫೋಟೋ ಅಪ್ಪನ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ, ಕಾರಣ ಬಹುಶಃ ಇಷ್ಟೇ ಇರಬೇಕು. ಕಾದಂಬರಿ ಬರೆದವರಿಗೆ ಇಂಥ ಒಬ್ಬ ಮನುಷ್ಯ ಗೊತ್ತಿರಲಿಲ್ಲವೇನೋ. ಅಥವಾ ಗೊತ್ತಿದ್ದು, ಬರೆಯಲು ಮನಸ್ಸು ಬರಲಿಲ್ಲವೇನೋ.

ಕರಡಿನಲ್ಲಿ ಬರೆದಿದ್ದ, ತಲೆಯ ಒಳಗಿನ ಮೂಲೆಯ ವಾಕ್ಯವನ್ನು ಹೊಡೆದುಹಾಕಲಿಲ್ಲ. ಆ ಒಂದು ವಾಕ್ಯ ನಿಜವಾಗಬೇಕು ಎಂಬ ಆಸೆಯಿತ್ತು. ವಿಡಿಯೋ ಗುಂಪಿಗೆ ಬಂತು, ಹೆಬ್ಬೆಟ್ಟುಗಳು ಬಂದವು, "ದೊಡ್ಡ ಮನಸ್ಸು" ಎಂದು ಯಾರೋ ಬರೆದರು. ಅದೆಲ್ಲ ಹೊರಗಿನದು. ಮನೆಯಲ್ಲಿ, ಅಮ್ಮನೂ ಸೇರಿ ನಾವು ಮೂವರೇ ಇದ್ದಾಗ, ಅಪ್ಪ ಒಂದು ಸಲ, ಒಂದೇ ಒಂದು ಸಲ, "ನಾನು ನೋಡಿದ್ದು ನೋಡಿದ್ದೇ" ಅಂದರೆ ಸಾಕಿತ್ತು. ನಾನು ಅದಕ್ಕಾಗಿ ಕಾದೆ.

ಅಮ್ಮನೂ ಕಾದಿರಬೇಕು. ಒಂದು ದಿನ ಅನ್ನ ಬಡಿಸುತ್ತಾ, "ಆಯಮ್ಮನ ಕೈಗೆ ಪ್ಲೇಟ್ ಹಾಕಿದ್ದಾರಂತೆ ಕಣ್ರೀ. ಪಾಪ, ಆ ಫ್ಲೆಕ್ಸ್‌ನಿಂದ..." ಅಂದರು.

"ಫ್ಲೆಕ್ಸ್ ಏನ್ ಮಾಡ್ತು?" ಅಂದರು ಅಪ್ಪ. "ಅದು ಅಷ್ಟು ಮೇಲಿತ್ತು. ಆಯಮ್ಮನೇ ಸ್ಪೀಡಾಗಿ ಬಂದ್ರು."

ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತರು. ಬಾಗಿಲು ಹಾಕಿತ್ತು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ನಾನು ಮೇಡಂಗೆ ಕೊಟ್ಟದ್ದು ಸಾರಾಂಶ. ನನ್ನದೇ ಮಾತಿನಲ್ಲಿ ಬರೆದಿದ್ದೆ, ಆದರೂ ಸಾರಾಂಶವೇ. ಅವರು ಓದಿ, ಕನ್ನಡಕ ತೆಗೆದು, "ನೀನಾದ್ರೂ ಓದಿರ್ತೀಯ ಅಂದ್ಕೊಂಡಿದ್ದೆ" ಅಂದರು. ಓದಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಓದುವಾಗ ನಿನಗೇನಾಯಿತು ಎಂದು ಕೇಳುತ್ತಾರೆ ಅನ್ನಿಸಿ, ಹಾಳೆ ತೆಗೆದುಕೊಂಡು ಬೆಂಚಿಗೆ ಹೋದೆ.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಪಾಸ್‌ಪೋರ್ಟ್ ಫೋಟೋಗಳ ಹಾಳೆಯನ್ನು ಕಟ್ಟರಿನಲ್ಲಿ ಕತ್ತರಿಸುತ್ತಿದ್ದರು. ನಾನು ನೇರವಾಗಿಯೇ ಕೇಳಿದೆ.

"ಅಪ್ಪ, ಅವತ್ತು ಫ್ಲೆಕ್ಸ್ ಅಡ್ಡ ಇತ್ತು ಅಲ್ವಾ?"

"ಯಾವತ್ತು?"

"ಆ ಸ್ಕೂಟಿ ಬಿದ್ದಾಗ. ನೀವೇ ಆಯಮ್ಮನಿಗೆ ಹೇಳಿದ್ರಿ. ನಾನೇ ನೋಡ್ದೆ ಅಂತ."

"ಸಮಾಧಾನಕ್ಕೆ ಹೇಳಿರ್ತೀನಿ. ಬಿದ್ದೋರಿಗೆ ನಿಮ್ದೇ ತಪ್ಪು ಅನ್ನೋಕಾಗತ್ತಾ?"

"ನಾನೂ ಇಲ್ಲೇ ಇದ್ದೆ ಅಪ್ಪ. ನಾನೂ ನೋಡಿದೀನಿ."

ಅಪ್ಪ ಕಟ್ಟರಿನ ಕೈ ಬಿಟ್ಟು ನನ್ನನ್ನು ನೋಡಿದರು. ಅಪ್ಪ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ. ಎಡಗೈ ಕಿವಿಯ ಹತ್ತಿರ ಹೋಗುತ್ತದೆ, ದನಿ ಸ್ವಲ್ಪ ಏರುತ್ತದೆ. ಅವೆರಡೂ ಆಗಲಿಲ್ಲ. ಅಳುವ ಮಗುವನ್ನು ಕ್ಯಾಮೆರಾ ಕಡೆ ತಿರುಗಿಸುವಾಗಿನ ಅಕ್ಕರೆ ಅವರ ಮುಖದಲ್ಲಿತ್ತು.

"ನೀನು ಓದ್ತಾ ಕೂತಿದ್ದೆ ಕಣಮ್ಮ" ಅಂದರು. "ತಲೆ ಎತ್ತಿರ್ಲಿಲ್ಲ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಶಬ್ದ ನೆನಪಿತ್ತು. ಶಬ್ದದ ನಂತರದ್ದು ನೆನಪಿತ್ತು: ಓಡುತ್ತಿದ್ದ ಅಪ್ಪನ ಬೆನ್ನು, ರಸ್ತೆಯ ಮೇಲೆ ಉರುಳಿದ್ದ ಹೆಲ್ಮೆಟ್ಟು. ಫ್ಲೆಕ್ಸ್ ಕೂಡ ನೆನಪಿತ್ತು, ಆದರೆ ಅದರ ಕೆಳಗಿನ ಅಂಚು ಎಲ್ಲಿಯವರೆಗೆ ಬಂದಿತ್ತು? ಸ್ಕೂಟಿಯ ಎತ್ತರಕ್ಕೋ, ಅದಕ್ಕಿಂತ ಮೇಲಕ್ಕೋ? ಮರುವಾರ ಅದನ್ನು ಬಿಚ್ಚಿಕೊಂಡು ಹೋಗಿದ್ದರು, ನೋಡಲು ಏನೂ ಉಳಿದಿರಲಿಲ್ಲ. ಶಬ್ದಕ್ಕೆ ಮೊದಲಿನದ್ದಕ್ಕೆ ಎಷ್ಟು ತಡಕಾಡಿದರೂ ಸಿಕ್ಕಿದ್ದು ಪುಸ್ತಕದಲ್ಲಿ ಅಚ್ಚಾದ ಸಾಲುಗಳು ಮಾತ್ರ.

ಅಪ್ಪ ಕಾಯುತ್ತಿದ್ದರು.

"ಇರ್ಬೋದು" ಅಂದೆ.

ಅಪ್ಪ ತಲೆಯಾಡಿಸಿ ಮತ್ತೆ ಹಾಳೆಯನ್ನು ಕಟ್ಟರಿಗೆ ಇಟ್ಟರು.