ಸೊರಬದ ಕಂಪ್ಯೂಟರಿನಲ್ಲಿದ್ದ ಒಂದು ಸಾಲು

ಈ ಬರಹಕ್ಕಾಗಿ ನಾಗವೇಣಿಯವರೊಂದಿಗೆ ನಾನು ನಡೆಸಿದ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಅವರ ನಾದಿನಿ ನಯನ. ನಾಗವೇಣಿ ಮೊದಲಿಗೆ ಬೇಡವೆಂದರು. ಕೆಲವು ತಿಂಗಳ ನಂತರ ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ಮಾತು ಮನೆಯಲ್ಲಿ ಬೇಡ, ಶಿಕಾರಿಪುರದ ಡಿಟಿಪಿ ಅಂಗಡಿಯಲ್ಲಿ, ಕಂಪ್ಯೂಟರ್ ಚಾಲೂ ಇರುವಾಗಲೇ ಆಗಬೇಕು.

ಗಂಡ ಶ್ರೀನಾಥ ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಅಂಗಡಿ ನಡೆಸುತ್ತಿದ್ದರು. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ತಿಥಿಯ ಕಾರ್ಡು. ಎರಡೂ ಕಡೆ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಮದುವೆ’ ಎಂದು ಹೊಡೆದರೆ ಲಗ್ನಪತ್ರಿಕೆಯ ಮಾದರಿ ತೆರೆದುಕೊಳ್ಳುತ್ತಿತ್ತು. ‘ತಿಥಿ’ ಎಂದರೆ ಇನ್ನೊಂದು. ಇಂಥ ಗಿಡ್ಡ ಆಜ್ಞೆಗಳೆಲ್ಲ ಶ್ರೀನಾಥ ಬರೆದ ಒಂದು ಸೆಟ್ಟಿಂಗ್ ಫೈಲಿನಲ್ಲಿದ್ದವು. ಕಿಟಕಿ ತೆರೆದೊಡನೆ ಮೂಡುವ ಸಾಲೂ ಅದರಲ್ಲೇ ಇತ್ತು: ‘ವೇಣಿ, ಚಾ ಕುಡಿದ್ಯಾ?’

ಸೊರಬದ ಅಂಗಡಿಯಲ್ಲಿ ನೆಟ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಪ್ರತಿ ಸೋಮವಾರ ನಾಗವೇಣಿ ಆ ಫೈಲಿನ ಪ್ರತಿಯಿದ್ದ ಪೆನ್ ಡ್ರೈವನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಅದನ್ನು ಚುಚ್ಚಿ ಒಂದು ಗುಂಡಿ ಒತ್ತಿದರೆ ಅಲ್ಲಿಯ ಫೈಲು ಹೋಗಿ ಶಿಕಾರಿಪುರದ್ದು ಕೂರುತ್ತಿತ್ತು. ಶ್ರೀನಾಥರ ಕಟ್ಟಳೆ ಬಿಗಿಯಾಗಿತ್ತು: “ತಿದ್ದೋದೇನಿದ್ರೂ ಇಲ್ಲೇ. ಅಲ್ಲಿ ಕೈ ಹಚ್ಚಂಗಿಲ್ಲ. ಮೊದ್ಲು ಪೆನ್ ಡ್ರೈವ್, ಆಮೇಲೆ ಕಿಟಕಿ.”

ಮುರಿದವರೂ ಅವರೇ. ಹೊಸ ಪ್ರಿಂಟರ್ ಜೋಡಿಸಲು ಒಂದು ಶನಿವಾರ ಸೊರಬಕ್ಕೆ ಹೋದವರು ಮಧ್ಯಾಹ್ನ ಫೋನ್ ಮಾಡಿದರು.

“ಚಾ ಕೇಳಿ ಕೇಳಿ ನಂಗೇ ಬ್ಯಾಸರ ಬಂತು. ಇಲ್ಲಿ ಆ ಸಾಲು ಬದ್ಲಿ ಮಾಡೀನಿ, ಬಂದಾಗ ನೋಡು.”

“ನಿಮ್ ಕಟ್ಟಳೆ ಎಲ್ಲಿ ಹೋತ್ರೀ? ಏನ್ ಬರ್ದೀರಿ, ಹೇಳ್ರಿ.”

“ಬಾಯಲ್ಲೇ ಹೇಳೋದಾದ್ರೆ ಬರ್ದಿದ್ಯಾಕೆ?”

ಸಂಜೆ ಸೊರಬದ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದ ಶ್ರೀನಾಥ ಮತ್ತೆ ಏಳಲಿಲ್ಲ. ಕಪ್ಪು ಕಿಟಕಿಯಲ್ಲಿ ‘ತಿಥಿ’ ಎಂದು ಹೊಡೆದು ಅವರ ಕಾರ್ಡು ಸಿದ್ಧಪಡಿಸಿದವರು ನಾಗವೇಣಿಯೇ.

ಕರ್ಮಾಂತರ ಮುಗಿದ ಮೇಲಿನ ಸೋಮವಾರ ಅವರು ನಯನ ಅವರನ್ನು ಕರೆದುಕೊಂಡು ಸೊರಬಕ್ಕೆ ಹೊರಟರು. ದಾರಿಯುದ್ದಕ್ಕೂ ಮನಸ್ಸಿನಲ್ಲಿದ್ದದ್ದು ಆ ಸಾಲೊಂದೇ.

“ಏನ್ ಬರ್ದಿರಬಹುದು ಅತ್ತಿಗೆ?”

“ನಿಮ್ಮಣ್ಣ ಅಲ್ಲೇನು, ಚಾ ಬಿಟ್ಟು ಊಟ ಕೇಳಿರ್ತಾರೆ.” ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಶಟರ್ ಎತ್ತಿದರು. ಮೇಜಿನ ಮೇಲೆ ಶ್ರೀನಾಥರ ಕನ್ನಡಕದ ಡಬ್ಬಿ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ ನಾಗವೇಣಿ ಕುಳಿತರು. ವರ್ಷಗಳಿಂದ ಪಳಗಿದ ಕೈ ಪೆನ್ ಡ್ರೈವ್ ಚುಚ್ಚಿ ಗುಂಡಿ ಒತ್ತಿತು. ಆಮೇಲೆ ಕಿಟಕಿ ತೆರೆಯಿತು.

‘ವೇಣಿ, ಚಾ ಕುಡಿದ್ಯಾ?’

“ಇದು ಹಳೇದಲ್ವ ಅತ್ತಿಗೆ? ಅಳಿಸಿದ್ದು ವಾಪಸ್ ಬರಲ್ವಾ?”

“ಅಳಿಸಿಲ್ಲ ನಯನ. ಅದರ ಮೇಲೇ ಹಳೇ ಫೈಲು ಬರ್ದೀನಿ. ಅವ್ರು ಹೇಳಿಕೊಟ್ಟ ಹಂಗೇ ಮಾಡೀನಿ.”

ಶಿವಮೊಗ್ಗದಲ್ಲಿ ಡಿಸ್ಕ್ ತೋರಿಸಿದರು. ಏನೂ ಸಿಗಲಿಲ್ಲ. ನಾಗವೇಣಿ ಆ ಪೆನ್ ಡ್ರೈವನ್ನು ಮತ್ತೆ ಸೊರಬಕ್ಕೆ ಒಯ್ದಿಲ್ಲ.

ಶ್ರೀನಾಥ ತೀರಿಕೊಂಡದ್ದು 2024ರ ಜೂನ್ 8ರಂದು. ಸೊರಬದ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಫೈಲು ಕೊನೆಯ ಸಲ ಬದಲಾದದ್ದು, ಪರದೆಯ ಮೇಲೆ ಕಾಣುವಂತೆ: 24 ಜೂನ್ 2024, ಸೋಮವಾರ.