ಸೋಮವಾರದ ತಾರಸಿ

ಯಾವ ದಿನ ಯಾವ ಕೆಲಸ ಎಂದು ಗೋಡೆಗೆ ಬಣ್ಣದ ಚಾರ್ಟು ಅಂಟಿಸಿದರೆ ಮನೆ ತಾನಾಗೇ ಏಳುತ್ತದೆಯೇ, ನೀವೇ ಹೇಳಿ? ಬೆಳಗೊಳದ ನಮ್ಮ ಮನೆ ಕಟ್ಟುವಾಗ ಕೆಲಸ ಕಲಿಯಲು ಬಂದಿದ್ದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಹಾಗೇ ನಂಬಿದ್ದ. ಏನು ಕೇಳಿದರೂ ಕನ್ನಡಕ ಮೇಲೇರಿಸಿ, "ಎಲ್ಲಾ ಪ್ಲಾನಲ್ಲೈತೆ ಅಜ್ಜಿ" ಅನ್ನುತ್ತಿದ್ದ.

ತಾರಸಿಯ ಕಾಂಕ್ರೀಟನ್ನು ಸೋಮವಾರಕ್ಕೆ ಗೊತ್ತುಮಾಡಿದ. ಅದನ್ನು ನೋಡಿ ಅಂಕ ಕೊಡಲು ಅವನ ಮೇಷ್ಟ್ರೂ ಅವತ್ತೇ ಬರುವವರಿದ್ದರು. ಜಲ್ಲಿ ಬಂತು, ಯಂತ್ರ ಬಂತು, ಆಳುಗಳು ಮಾತ್ರ ಮೇಲೆ ಹತ್ತಲಿಲ್ಲ.

"ತಾರಸಿ ದಿನ ಬಾಡೂಟ ಆಕ್ದೆ ಯಾವನ್ಲಾ ಅತ್ತಾನು?" ಎಂದ ಮೇಸ್ತ್ರಿ.

"ಸೋಮವಾರ ನಮ್ಮನೇಲಿ ಬಾಡು ಬೇಯ್ಸಾಕಿಲ್ಲ ಕಣಪ್ಪ. ಪ್ಲಾನಲ್ಲಿ ಬರೀನಿಲ್ವಾ?" ಎಂದು ನಾನು ಹುಡುಗನನ್ನು ಕಿಚಾಯಿಸಿದೆ.

ಅವನು ನನ್ನತ್ತಲೇ ತಿರುಗಿದ. "ಒಲೆ ಅಚ್ಚು ಅಜ್ಜಿ, ಬಾಡು ಬೇಯ್ಲಿ! ಸೋಮವಾರದ ಪಾಪ ನಿಂಗಿರ್ಲಿ, ಮಾರ್ಕ್ಸು ನಂಗಿರ್ಲಿ!"